ಗೋದಾಮಿನ ಬಾಗಿಲಲ್ಲೇ ಶುರುವಾಗಬೇಕಾದ ಇ-ಖರೀದಿ

ಸಣ್ಣ ಕಾರ್ಖಾನೆಯವರು ಕಂಪ್ಯೂಟರಿನಲ್ಲಿ ಖರೀದಿ ವ್ಯವಹಾರ ನಡೆಸೋಣವೆಂದು ಹೊರಟಾಗ ಮೊದಲು ಕೇಳುವುದು ‘ಯಾವ ಸಾಫ್ಟ್‌ವೇರ್ ಒಳ್ಳೆಯದು?’ ಎಂದು. ಆ ಪ್ರಶ್ನೆಗೆ ಅವಸರವಿಲ್ಲ. ಗೇರುಬೀಜದ ಕಾರ್ಖಾನೆ, ಅಡಿಕೆ ಹಾಳೆ ತಟ್ಟೆಯ ಘಟಕ, ಪ್ಲೈವುಡ್, ಎಣ್ಣೆ ಮಿಲ್ಲು, ತಿಂಡಿ ಪ್ಯಾಕಿಂಗ್ ಹೀಗೆ ನಮ್ಮ ಕಾಸರಗೋಡು ಜಿಲ್ಲೆಯ ಅನಂತಪುರ, ಸೀತಾಂಗೋಳಿ, ಮಂಜೇಶ್ವರ ಕಡೆಯ ಯಾವ ಘಟಕವನ್ನೇ ತೆಗೆದುಕೊಳ್ಳಿ, ಖರೀದಿಯಲ್ಲಿ ದುಡ್ಡು ಸೋರುವ ಜಾಗ ಮುಖ್ಯವಾಗಿ ಎರಡು. ಒಂದು, ಏನು ಬೇಕೆಂದು ಬರೆಯುವಲ್ಲಿ. ಇನ್ನೊಂದು, ಬಂದ ಮಾಲನ್ನು ಇಳಿಸಿಕೊಳ್ಳುವಲ್ಲಿ. ಇವೆರಡನ್ನು ಸರಿಮಾಡದೆ ಎಷ್ಟು ದುಬಾರಿ ವ್ಯವಸ್ಥೆ ತಂದರೂ ಡೈರಿಯಲ್ಲಿದ್ದ ಗೊಂದಲವೇ ಪರದೆಯ ಮೇಲೆ ಬಂದು ಕೂರುತ್ತದೆ.

ಈಗಿನ ರೂಢಿ ಹೇಗಿದೆ ನೋಡಿ. ‘ಶೆಟ್ರೇ, ಮೊನ್ನೆ ಕಳಿಸಿದ ಅದೇ ಬಾಕ್ಸ್ ಇನ್ನೊಂದು 500 ಕಳಿಸಿಬಿಡಿ’ ಎಂದು ಮಂಗಳೂರಿಗೆ ಒಂದು ವಾಟ್ಸಾಪ್ ಹೋಗುತ್ತದೆ. ಮಾಲು ಬರುತ್ತದೆ, ಯಾರೋ ಇಳಿಸಿಕೊಳ್ಳುತ್ತಾರೆ, ಬಿಲ್ಲು ಡ್ರೈವರನ ಕೈಯಿಂದ ಮೇಜಿನ ಮೇಲೆ ಬೀಳುತ್ತದೆ, ತಿಂಗಳ ಕೊನೆಗೆ ಅಕೌಂಟ್ಸಿನವರು ಅದನ್ನು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿಗೆ ಹಾಕುತ್ತಾರೆ. ಇದರಲ್ಲಿ ‘ಅದೇ ಬಾಕ್ಸ್’ ಅಂದರೆ ಯಾವುದು, ಯಾವ ದರಕ್ಕೆ ಒಪ್ಪಿದ್ದು, ನಿಜವಾಗಿ ಬಂದದ್ದು 500ವೋ 480ವೋ ಎಂಬ ಮೂರು ಪ್ರಶ್ನೆಗಳಿಗೂ ಲಿಖಿತ ಉತ್ತರ ಎಲ್ಲೂ ಇರುವುದಿಲ್ಲ. ಇ-ಖರೀದಿ ಎಂದರೆ ಈ ಮೂರು ಉತ್ತರಗಳು ಪ್ರತಿ ಸಲವೂ ದಾಖಲಾಗಿರುವ ಹಾಗೆ ಮಾಡುವುದು. ಅಷ್ಟಾದರೆ ಉಳಿದದ್ದೆಲ್ಲ ಸುಲಭ.

ಐಟಂ ಪಟ್ಟಿ: ಇಲ್ಲಿಗೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ

ಕಳೆದ ಹನ್ನೆರಡು ತಿಂಗಳ ಖರೀದಿ ಬಿಲ್ಲುಗಳನ್ನು ಟ್ಯಾಲಿಯಿಂದ ಎಕ್ಸೆಲ್ ಹಾಳೆಗೆ ಇಳಿಸಿಕೊಳ್ಳಿ. ಒಂದೇ ವಸ್ತು ‘ಕಾರ್ಟನ್’, ‘ಬಾಕ್ಸ್ ದೊಡ್ಡದು’, ‘5 ಪ್ಲೈ ಪೆಟ್ಟಿಗೆ’ ಎಂದು ಮೂರು ಹೆಸರಿನಲ್ಲಿ ಕುಳಿತಿರುವುದು ಅಲ್ಲೇ ಕಾಣುತ್ತದೆ. ಮೊದಲು ಅವನ್ನು ಒಂದು ಮಾಡಿ. ಆಮೇಲೆ ವರ್ಷದ ಮೊತ್ತದ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಮೇಲಿನ ಮೂವತ್ತು–ನಲವತ್ತು ಐಟಂಗಳಲ್ಲೇ ಹಣದ ಬಹುಪಾಲು ಇರುತ್ತದೆ. ವಿವರವಾದ ವರ್ಣನೆ ಮೊದಲು ಬೇಕಾಗುವುದು ಅವಕ್ಕೆ. ಕೆಳಗಿನ ನಟ್ಟು, ಬೋಲ್ಟು, ಪೊರಕೆಗಳಿಗೆ ಸದ್ಯಕ್ಕೆ ಹೆಸರು ಮತ್ತು ಅಳತೆ ಸಾಕು.

ಪೆಟ್ಟಿಗೆಯನ್ನೇ ತೆಗೆದುಕೊಳ್ಳೋಣ. ‘5 ಪ್ಲೈ ಬಾಕ್ಸ್’ ಎಂದು ಬರೆದರೆ ವರ್ಣನೆ ಆಗಲಿಲ್ಲ. ಒಳ ಅಳತೆ ಉದ್ದ, ಅಗಲ, ಎತ್ತರ ಇದೇ ಕ್ರಮದಲ್ಲಿ ಮಿಲಿಮೀಟರಿನಲ್ಲಿ ಇರಬೇಕು. ಪದರಗಳ ಸಂಖ್ಯೆ, ಪ್ರತಿ ಪದರದ ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ), ಬರ್ಸ್ಟಿಂಗ್ ಫ್ಯಾಕ್ಟರ್ (ಕಾಗದ ಒಡೆಯದೆ ಒತ್ತಡ ತಾಳುವ ಅಳತೆ), ಮುದ್ರಣದ ಬಣ್ಣಗಳು, ಒಂದು ಪೆಟ್ಟಿಗೆಯ ತೂಕ ಮತ್ತು ಅದರಲ್ಲಿ ಎಷ್ಟು ಏರುಪೇರು ಒಪ್ಪಿಗೆ ಎಂಬುದೂ ಬೇಕು. ತೂಕ ಬರೆದಿಟ್ಟರೆ ಗೋದಾಮಿನಲ್ಲಿ ಹತ್ತು ಪೆಟ್ಟಿಗೆ ತೂಗಿ ನೋಡಿದಾಗಲೇ ತೆಳು ಕಾಗದ ಸಿಕ್ಕಿಬೀಳುತ್ತದೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಮಾತು ಸೇರಿಸಲೇಬೇಕು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ರಾಫ್ಟ್ ಕಾಗದ ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ. ಆಗ ತೂಕ ಸರಿ ಕಾಣುತ್ತದೆ, ಬಲ ಇರುವುದಿಲ್ಲ. ಕೆಳಗಿನ ಸಾಲಿನ ಪೆಟ್ಟಿಗೆ ಕುಸಿದ ಮೇಲೆಯೇ ಗೊತ್ತಾಗುವುದು. ಆದ್ದರಿಂದ ತೇವಾಂಶದ ಮಿತಿಯೂ ಐಟಂ ವರ್ಣನೆಯಲ್ಲಿ ಇರಲಿ, ಗೋದಾಮಿನಲ್ಲಿ ಒಂದು ತೇವಾಂಶ ಮಾಪಕವೂ ಇರಲಿ.

ಬಿಡಿಭಾಗಗಳಲ್ಲಿ ಅರೆಬರೆ ವರ್ಣನೆ ಇನ್ನೂ ಅಪಾಯ. ಹಾಳೆ ತಟ್ಟೆಯ ಅಚ್ಚಿನ ಬಿಸಿ ಅಳೆಯಲು ‘ಥರ್ಮೋಕಪಲ್ ಒಂದು’ ಎಂದು ಆರ್ಡರ್ ಮಾಡಿದರೆ ಅಂಗಡಿಯಲ್ಲಿ ಕೈಗೆ ಸಿಕ್ಕಿದ ಕೆ-ಟೈಪ್ ಬರುತ್ತದೆ. ಕಂಟ್ರೋಲರ್ ಜೆ-ಟೈಪ್‌ಗೆ ಹೊಂದಿಸಿದ್ದಾಗಿದ್ದರೆ ಕಥೆ ಕೆಟ್ಟಿತು. 100 ಡಿಗ್ರಿಯಲ್ಲಿ ಜೆ-ಟೈಪ್ ಸುಮಾರು 5.27 ಮಿಲಿವೋಲ್ಟ್ ಕೊಡುತ್ತದೆ, ಕೆ-ಟೈಪ್ ಕೊಡುವುದು ಸುಮಾರು 4.1 ಮಾತ್ರ. ಅಚ್ಚು ಕಾದದ್ದು ಕಂಟ್ರೋಲರಿಗೆ ಕಡಿಮೆಯಾಗಿ ಕಾಣುತ್ತದೆ, ಅದು ಹೀಟರನ್ನು ಆರಿಸುವುದೇ ಇಲ್ಲ, ತಟ್ಟೆ ಕಂದಿ ಕರಟುತ್ತದೆ. ಕೆಲಸಗಾರರು ಹಾಳೆ ಒಣಗಿದ್ದು ಹೆಚ್ಚಾಯಿತೆಂದು ತಿಳಿಯುತ್ತಾರೆ. ದೋಷವಿದ್ದದ್ದು ಖರೀದಿಯ ಒಂದು ಸಾಲಿನಲ್ಲಿ. ಐಟಂ ಹೆಸರಿನಲ್ಲೇ ‘ಥರ್ಮೋಕಪಲ್, ಜೆ-ಟೈಪ್, ತಂತಿ 2 ಮೀಟರ್’ ಎಂದಿದ್ದರೆ, ಜೊತೆಗೆ ಒಂದು ಫೋಟೋ ಅಂಟಿಸಿದ್ದರೆ, ಹೊಸ ಹುಡುಗನೂ ಸರಿಯಾದದ್ದನ್ನೇ ತರಿಸುತ್ತಾನೆ.

ಕೋಡ್ ಕೊಡುವಾಗ ಬುದ್ಧಿವಂತಿಕೆ ಬೇಡ. ಬಣ್ಣ, ಅಳತೆ, ಸಪ್ಲಾಯರ್ ಎಲ್ಲವನ್ನೂ ಕೋಡಿನೊಳಗೆ ತುರುಕಿದರೆ ಸಪ್ಲಾಯರ್ ಬದಲಾದ ದಿನ ಕೋಡ್ ಸುಳ್ಳಾಗುತ್ತದೆ. ಪ್ಯಾಕಿಂಗಿಗೆ ಪಿಕೆ, ಬಿಡಿಭಾಗಕ್ಕೆ ಎಸ್‌ಪಿ, ಕಚ್ಚಾಮಾಲಿಗೆ ಆರ್‌ಎಂ, ಮುಂದೆ ನಾಲ್ಕಂಕಿಯ ಕ್ರಮಸಂಖ್ಯೆ. ಫೋನಿನಲ್ಲಿ ‘ಪಿಕೆ ಸೊನ್ನೆ ಸೊನ್ನೆ ಹದಿನೇಳು’ ಎಂದರೆ ಕನ್ನಡದವರಿಗೂ ಮಲಯಾಳದವರಿಗೂ ತುಳುವರಿಗೂ ಒಂದೇ ಅರ್ಥ.

ಭಾಷೆಯ ಮಾತು ಬಂದ ಮೇಲೆ ಇದನ್ನೂ ಹೇಳಬೇಕು. ನಮ್ಮ ಗೋದಾಮುಗಳಲ್ಲಿ ಲೆಕ್ಕ ಬರೆಯುವವರು ಕನ್ನಡ ಓದುವವರು, ಮಾಲು ಇಳಿಸುವವರಲ್ಲಿ ಅನೇಕರು ಮಲಯಾಳ ಓದುವವರು. ಐಟಂಗೆ ಎರಡು ಹೆಸರಿನ ಜಾಗ ಇಟ್ಟು ಎರಡೂ ಲಿಪಿಯಲ್ಲಿ ಬರೆದರೆ ತಪ್ಪು ಬಹಳ ಕಡಿಮೆಯಾಗುತ್ತದೆ. ಆದರೆ ಕನ್ನಡ ಹೆಸರುಗಳು ಯುನಿಕೋಡ್‌ನಲ್ಲೇ ಇರಬೇಕು. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಹಾಗೆಯೇ ಎತ್ತಿ ಹಾಕಿದರೆ ವ್ಯವಸ್ಥೆಯೊಳಗೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ, ಹುಡುಕಿದರೆ ಸಿಗುವುದಿಲ್ಲ. ಮೊದಲು ಪರಿವರ್ತಕದಲ್ಲಿ ಬದಲಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ, ಆಮೇಲೆ ಏರಿಸಿ.

ಅಳತೆಯ ಘಟಕ ಇನ್ನೊಂದು ಹೊಂಡ. ಶ್ರಿಂಕ್ ಫಿಲ್ಮನ್ನು ನಾವು ರೋಲ್ ಎಂದು ಕೇಳುತ್ತೇವೆ, ಬಿಲ್ಲು ಕೆ.ಜಿ.ಯಲ್ಲಿ ಬರುತ್ತದೆ, ಬಳಸುವುದು ಮೀಟರಿನಲ್ಲಿ. ವ್ಯವಸ್ಥೆಯಲ್ಲಿ ಈ ಮೂರರ ಸಂಬಂಧ ಬರೆದಿಡದಿದ್ದರೆ ಪ್ರತಿ ಬಿಲ್ಲೂ ತಾಳೆಯಾಗದೆ ನಿಲ್ಲುತ್ತದೆ. ಲೆಕ್ಕ ಕಷ್ಟದ್ದಲ್ಲ. 400 ಮಿ.ಮೀ. ಅಗಲ, 1,000 ಮೀಟರ್ ಉದ್ದ, 25 ಮೈಕ್ರಾನ್ ದಪ್ಪದ ಒಂದೇ ಪದರದ ಪಿಒಎಫ್ (ಪಾಲಿಯೋಲಿಫಿನ್) ಫಿಲ್ಮಿನ ಗಾತ್ರ 0.01 ಘನಮೀಟರ್. ಸಾಂದ್ರತೆ ಘನಮೀಟರಿಗೆ 920 ಕೆ.ಜಿ. ಎಂದು ಹಿಡಿದರೆ ತೂಕ 9.2 ಕೆ.ಜಿ. ಅದೇ ರೋಲ್ 19 ಮೈಕ್ರಾನಿನದ್ದಾದರೆ ಸುಮಾರು 7 ಕೆ.ಜಿ. ರೋಲಿನ ಲೆಕ್ಕದಲ್ಲಿ ಕೊಳ್ಳುವವರಿಗೆ ತೆಳು ಫಿಲ್ಮ್ ಕೊಟ್ಟರೆ ನಷ್ಟ. ಕೆ.ಜಿ. ಲೆಕ್ಕದಲ್ಲಿ ಕೊಳ್ಳುವವರಿಗೆ ದಪ್ಪ ಫಿಲ್ಮ್ ಕೊಟ್ಟರೆ ಮೀಟರು ಕಡಿಮೆ. ಹಾಗಾಗಿ ಆರ್ಡರಿನಲ್ಲಿ ಅಗಲ, ಮೈಕ್ರಾನ್, ಉದ್ದ ಮೂರೂ ಇರಬೇಕು, ಕೋರ್ ಕೊಳವೆಯ ತೂಕ ಕಳೆದು ತೂಗಬೇಕು. ಬೋಲ್ಟುಗಳದ್ದೂ ಹೀಗೆಯೇ: ಕೊಳ್ಳುವುದು ಕೆ.ಜಿ.ಯಲ್ಲಿ, ಕೊಡುವುದು ಎಣಿಸಿ.

ಸಪ್ಲಾಯರ್ ಪಟ್ಟಿ ಮತ್ತು ಗಡಿ

ಗಡಿನಾಡಿನ ಘಟಕಕ್ಕೆ ಸಪ್ಲಾಯರ್ ಪಟ್ಟಿ ಒಳನಾಡಿನವರಿಗಿಂತ ಮುಖ್ಯ. ಕರ್ನಾಟಕದ ಮಂಗಳೂರಿನ ವ್ಯಾಪಾರಿಯ ಜಿಎಸ್‌ಟಿ ಸಂಖ್ಯೆ 29ರಿಂದ ಶುರು, ಕೇರಳದಲ್ಲಿರುವ ನಮ್ಮದು 32ರಿಂದ. ಒಂದೇ ಮಾಲೀಕರಿಗೆ ಮಂಗಳೂರಿನಲ್ಲೂ ಕಾಸರಗೋಡಿನಲ್ಲೂ ಅಂಗಡಿ ಇದ್ದರೆ ಎರಡು ಸಂಖ್ಯೆ ಇರುತ್ತದೆ, ಅವರನ್ನು ಎರಡು ಸಪ್ಲಾಯರ್ ಎಂದೇ ದಾಖಲಿಸಬೇಕು. ಪ್ರತಿಯೊಬ್ಬರ ಮುಂದೆ ಇನ್ನೂ ನಾಲ್ಕು ಸಂಗತಿ ಇರಲಿ: ರಿಟರ್ನ್ ತಿಂಗಳಿಗೊಮ್ಮೆ ಹಾಕುವವರೋ ಮೂರು ತಿಂಗಳಿಗೊಮ್ಮೆಯೋ, ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ) ಯೋಜನೆಯಲ್ಲಿದ್ದಾರೋ, ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಇದ್ದರೆ ತಯಾರಕರೋ ಬರೀ ವ್ಯಾಪಾರಿಯೋ, ಬ್ಯಾಂಕ್ ಖಾತೆಯನ್ನು ಯಾರು, ಯಾವ ದಿನ, ಹೇಗೆ ಪರಿಶೀಲಿಸಿದರು. ಕಾಂಪೊಸಿಷನ್ನಿನಲ್ಲಿರುವ ವ್ಯಾಪಾರಿ ಹೊರರಾಜ್ಯಕ್ಕೆ ಮಾಲು ಮಾರುವಂತಿಲ್ಲ, ಬಿಲ್ಲಿನಲ್ಲಿ ತೆರಿಗೆ ಹಾಕುವಂತೆಯೂ ಇಲ್ಲ. ರಾಜ್ಯದ ಗಡಿಯಾದ ತಲಪಾಡಿಯ ಆಚೆಯ ಅಂಥವರಿಂದ ಕಾರ್ಖಾನೆಗೆ ಮಾಲು ತರಿಸಬಾರದು.

ಇಲ್ಲಿಯ ಘಟಕಗಳಿಗೆ ಪದೇ ಪದೇ ಆಗುವ ನಷ್ಟ ಇದು: ನಮ್ಮ ಹುಡುಗ ಪಿಕಪ್ ತೆಗೆದುಕೊಂಡು ಮಂಗಳೂರಿಗೆ ಹೋಗಿ ಅಂಗಡಿಯಿಂದಲೇ ಮಾಲು ತುಂಬಿಸಿಕೊಂಡು ಬರುತ್ತಾನೆ. ಅಂಗಡಿಯವರು ಸ್ಥಳೀಯ ಮಾರಾಟವೆಂದು ಕೇಂದ್ರ ಜಿಎಸ್‌ಟಿ ಮತ್ತು ಕರ್ನಾಟಕ ಜಿಎಸ್‌ಟಿ ಹಾಕಿ ಬಿಲ್ಲು ಕೊಡುತ್ತಾರೆ. ಕೇರಳದಲ್ಲಿ ನೋಂದಾಯಿಸಿದವರಿಗೆ ಆ ತೆರಿಗೆಯ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ನಮ್ಮ ಕ್ರೆಡಿಟ್ ತೋರಿಸುವ ಪೋರ್ಟಲಿನ ತಿಂಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಆ ಬಿಲ್ಲು ‘ಲಭ್ಯವಿಲ್ಲ’ ಎಂಬ ಭಾಗಕ್ಕೆ ಹೋಗಿ ಕೂರುತ್ತದೆ. ಪರ್ಚೇಸ್ ಆರ್ಡರಿನಲ್ಲಿ 32ರ ಸಂಖ್ಯೆ, ‘ತಲುಪಿಸುವ ಸ್ಥಳ: ಕಾಸರಗೋಡು ಜಿಲ್ಲೆ, ಕೇರಳ’ ಮತ್ತು ‘ಐಜಿಎಸ್‌ಟಿ’ (ಅಂತರರಾಜ್ಯ ಮಾರಾಟದ ಜಿಎಸ್‌ಟಿ) ಎಂಬ ಮೂರು ಸಾಲು ದಪ್ಪಕ್ಷರದಲ್ಲಿ ಮುದ್ರಣವಾಗುವಂತೆ ಮಾಡಿ. ಹೋಗುವವನ ಮೊಬೈಲಿಗೆ ಆ ಆರ್ಡರ್ ಕಳಿಸಿ. ಬಿಲ್ಲು ಕೈಗೆ ಬಂದ ಕೂಡಲೇ, ಗಾಡಿ ಹೊರಡುವ ಮೊದಲು, ತೆರಿಗೆಯ ಸಾಲು ನೋಡಲು ಹೇಳಿ. ಅಲ್ಲೇ ನಿಂತು ತಿದ್ದಿಸುವುದು ಹತ್ತು ನಿಮಿಷದ ಕೆಲಸ. ತಿಂಗಳು ದಾಟಿದರೆ ಅದು ಪತ್ರವ್ಯವಹಾರ.

ಮಾಲು ಸಾಗಿಸಲು ಪೋರ್ಟಲಿನಲ್ಲಿ ಮಾಡುವ ಇ-ವೇ ಬಿಲ್ಲಿನಲ್ಲೂ ಗಡಿಯ ಮರೆವು ಕಾಣುತ್ತದೆ. ಸಾಗಣೆದಾರನ ಜಾಗದವರೆಗೆ 50 ಕಿ.ಮೀ. ಒಳಗಾದರೆ ವಾಹನ ಸಂಖ್ಯೆ ತುಂಬುವುದು ಬೇಡವೆಂಬ ಸಡಿಲಿಕೆ ರಾಜ್ಯದ ಒಳಗಿನ ಸಾಗಣೆಗೆ ಮಾತ್ರ. ಮಂಗಳೂರಿನಿಂದ ಮಂಜೇಶ್ವರ ಎಷ್ಟೇ ಹತ್ತಿರವಿರಲಿ, ಅದು ಅಂತರರಾಜ್ಯ ಸಾಗಣೆ. ತೆರಿಗೆ ಸೇರಿ ಮೊತ್ತ 50,000 ರೂಪಾಯಿ ದಾಟಿದರೆ ವಾಹನ ಸಂಖ್ಯೆಯ ಎರಡನೆಯ ಭಾಗವೂ ತುಂಬಿರಬೇಕು. ಆರ್ಡರಿನ ಮೊತ್ತ ಆ ಮಿತಿ ದಾಟಿದಾಗ ‘ಇ-ವೇ ಬಿಲ್ಲು ಯಾರು ಮಾಡುವುದು’ ಎಂಬ ಸಾಲು ತಾನಾಗಿ ಬರುವಂತೆ ಹೊಂದಿಸಿದರೆ ಚೆಕ್ಕಿಂಗಿನಲ್ಲಿ ಗಾಡಿ ನಿಂತ ಮೇಲೆ ಫೋನು ಮಾಡುವ ಪ್ರಸಂಗ ತಪ್ಪುತ್ತದೆ.

ದರ ಹೋಲಿಸುವಾಗ ಮನೆ ಬಾಗಿಲಿಗೆ ಬಿದ್ದ ದರವನ್ನೇ ಹೋಲಿಸಿ. ಉದಾಹರಣೆಗೆ 1,000 ಪೆಟ್ಟಿಗೆ. ಮಂಗಳೂರಿನವರು ಅಂಗಡಿಯಲ್ಲಿ 38 ರೂಪಾಯಿ ಹೇಳುತ್ತಾರೆ, ನಗದು. ಗಾಡಿ ಬಾಡಿಗೆ 2,800, ಇಳಿಸುವ ಕೂಲಿ 700 ಸೇರಿದರೆ ಒಂದಕ್ಕೆ 41.50. ಇಲ್ಲಿಯ ಸಪ್ಲಾಯರ್ ತಲುಪಿಸಿ 41 ಹೇಳುತ್ತಾರೆ, ಕೂಲಿ ಸೇರಿ 41.70, ಆದರೆ 30 ದಿನದ ಸಾಲ. ಬ್ಯಾಂಕಿನ ಬಡ್ಡಿ ತಿಂಗಳಿಗೆ ಶೇ. 1 ಎಂದು ಹಿಡಿದರೆ ಮಂಗಳೂರಿನದ್ದಕ್ಕೆ 38 ಪೈಸೆ ಸೇರಿ 41.88 ಆಗುತ್ತದೆ. ಮೂರು ರೂಪಾಯಿ ಅಗ್ಗವೆಂದು ಕಂಡದ್ದು ಕೊನೆಗೆ ದುಬಾರಿ. ಕೊಟೇಶನ್ ಹೋಲಿಸುವ ಪುಟದಲ್ಲಿ ಬಾಡಿಗೆ, ಕೂಲಿ, ಸಾಲದ ದಿನ ಎಂಬ ಮೂರು ಕಾಲಂ ಖಾಲಿ ಬಿಡಲಾಗದಂತೆ ಮಾಡಿ. ಕೇರಳದಲ್ಲಿ ಚುಮಟ್ಟು (ಹೊರೆ ಹೊರುವ) ಕಾರ್ಮಿಕರಿಗೆ 1978ರ ಕಾಯ್ದೆ ಇದೆ, ಇಳಿಸುವ ಕೂಲಿ ಇಲ್ಲಿ ನಿಗದಿಯಾದ ಖರ್ಚು. ಅದನ್ನು ಚಿಲ್ಲರೆ ಖರ್ಚೆಂದು ಬೇರೆ ಬರೆದರೆ ಮಾಲಿನ ನಿಜವಾದ ಬೆಲೆ ಎಂದೂ ಗೊತ್ತಾಗದು. ತೆರಿಗೆಯೂ ಹಾಗೆಯೇ: ನೀವು ಮಾರುವ ವಸ್ತುವಿಗೆ ತೆರಿಗೆ ವಿನಾಯಿತಿ ಇದ್ದರೆ ಕೊಳ್ಳುವಾಗ ಕೊಟ್ಟ ತೆರಿಗೆ ವಾಪಸಾಗುವುದಿಲ್ಲ, ಹೋಲಿಕೆಯಲ್ಲಿ ಅದನ್ನೂ ಸೇರಿಸಿಯೇ ನೋಡಬೇಕು.

ಪ್ರತಿ ಆರ್ಡರಿಗೂ ಮೂರು ಕೊಟೇಶನ್ ಕೇಳುವ ನಿಯಮ ಸಣ್ಣ ಘಟಕಕ್ಕೆ ಹೊಂದದು. ಎರಡು ಸಲ ಕೇಳಿ ಆರ್ಡರ್ ಕೊಡದಿದ್ದರೆ ಮೂರನೆಯ ಸಲ ಸಪ್ಲಾಯರ್ ಉತ್ತರಿಸುವುದೇ ಇಲ್ಲ. ಪದೇ ಪದೇ ಕೊಳ್ಳುವ ವಸ್ತುವಿಗೆ ಮೂರು ತಿಂಗಳಿಗೊಮ್ಮೆ ದರ ನಿಗದಿಮಾಡಿ, ಆ ಅವಧಿಯೊಳಗೆ ಪ್ರಮಾಣ ಮಾತ್ರ ಬರೆದು ಆರ್ಡರ್ ಕಳಿಸುವುದು ಒಳ್ಳೆಯದು. ಉಪ್ಪಳ, ಬದಿಯಡ್ಕದ ಹಾರ್ಡ್‌ವೇರ್ ಅಂಗಡಿಯಿಂದ ದಿನವೂ ತರುವ ಚಿಲ್ಲರೆಗೆ ತಿಂಗಳಿಗೊಂದೇ ತೆರೆದ ಆರ್ಡರ್, ಅದಕ್ಕೊಂದು ಮೊತ್ತದ ಮಿತಿ. 300 ರೂಪಾಯಿಯ ಬೋಲ್ಟಿಗೂ ಇಂಡೆಂಟ್ (ಬೇಡಿಕೆ ಚೀಟಿ), ಅನುಮತಿ, ಆರ್ಡರ್ ಎಂದು ಕೂತರೆ ಜನ ವ್ಯವಸ್ಥೆಯನ್ನೇ ಬದಿಗಿಡುತ್ತಾರೆ. ಅನುಮತಿಯ ಮೆಟ್ಟಿಲು ಎರಡಿದ್ದರೆ ಸಾಕು: ಒಂದು ಮೊತ್ತದವರೆಗೆ ಗೋದಾಮಿನ ಹೊಣೆಗಾರರು, ಅದರ ಮೇಲೆ ಮಾಲೀಕರು. ಮಾಲೀಕರು ಊರಲ್ಲಿಲ್ಲದಾಗ ಫೋನಿನಲ್ಲೇ ಒಪ್ಪಿಗೆ ಕೊಡುವಂತಿರಬೇಕು. ಆರ್ಡರ್ ಪಿಡಿಎಫ್ ಆಗಿ ಇಮೇಲಿನಲ್ಲಿ ಹೋಗಲಿ. ವಿದ್ಯುನ್ಮಾನ ರೀತಿಯಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧುವಾಗದು ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಹೇಳುತ್ತದೆ. ಸೀಲು, ಸಹಿ ಇಲ್ಲವೆಂದು ಹಿಂಜರಿಯಬೇಕಿಲ್ಲ. ಸಪ್ಲಾಯರಿನಿಂದ ‘ಒಪ್ಪಿದೆ’ ಎಂಬ ಮರುಮೇಲ್ ತರಿಸಿಕೊಳ್ಳುವುದು ಮುಖ್ಯ.

ಮಾಲು ಇಳಿಯುವ ಹೊತ್ತು

ಗೋದಾಮಿನ ರಸೀದಿ, ಅಂದರೆ ಜಿಆರ್‌ಎನ್, ಈ ಇಡೀ ವ್ಯವಸ್ಥೆಯ ಹೃದಯ. ಇದನ್ನು ಮಾಲು ಇಳಿದ ಜಾಗದಲ್ಲೇ ಮಾಡಬೇಕು, ಸಂಜೆ ಆಫೀಸಿನಲ್ಲಿ ಬಿಲ್ಲು ನೋಡಿಕೊಂಡು ಮಾಡಬಾರದು. ಬಿಲ್ಲು ನೋಡಿ ಮಾಡಿದ ರಸೀದಿ ಬಿಲ್ಲಿನ ನಕಲೇ ಹೊರತು ಎಣಿಕೆಯಲ್ಲ. ಅದಕ್ಕೇ ಎಣಿಸುವವರ ಫೋನಿನ ಪರದೆಯಲ್ಲಿ ಆರ್ಡರಿನ ಐಟಂ ಮಾತ್ರ ಕಾಣಲಿ, ಪ್ರಮಾಣ ಮುಚ್ಚಿರಲಿ. ಅವರು ಎಣಿಸಿ ಹಾಕಿದ ಮೇಲೆ ವ್ಯತ್ಯಾಸ ತೋರಿಸಲಿ. ಬಂದದ್ದು, ಒಪ್ಪಿದ್ದು, ತಿರಸ್ಕರಿಸಿದ್ದು ಎಂದು ಮೂರು ಅಂಕಿ. ಬಿಲ್ಲಿನ ಫೋಟೋ, ವಾಹನ ಸಂಖ್ಯೆ, ತಿರಸ್ಕರಿಸಿದ್ದರ ಫೋಟೋ. ಡ್ರೈವರ್ ಇರುವಾಗಲೇ ಅವನ ಪ್ರತಿಯಲ್ಲಿ ಕೊರತೆ ಬರೆಸಿ ಸಹಿ ಪಡೆದುಕೊಳ್ಳಿ. ಗಾಡಿ ಹೋದ ಮೇಲೆ ‘20 ಕಡಿಮೆ ಇತ್ತು’ ಎಂದರೆ ಯಾರೂ ಒಪ್ಪುವುದಿಲ್ಲ.

ಹೆಚ್ಚುವರಿ ಬಂದರೆ? ಪೆಟ್ಟಿಗೆಯಂಥದ್ದರಲ್ಲಿ ಶೇ. 2ರಷ್ಟು ಹೆಚ್ಚುಕಮ್ಮಿ ಸಹಜ. ಆ ಮಿತಿಯನ್ನು ಐಟಂವಾರು ಹಾಕಿಡಿ, ಅದರ ಮೇಲೆ ವ್ಯವಸ್ಥೆ ರಸೀದಿಯನ್ನು ತಡೆಯಲಿ.

ಆಮೇಲೆ ಮೂರರ ತಾಳೆ: ಆರ್ಡರಿನ ದರ, ರಸೀದಿಯ ಪ್ರಮಾಣ, ಬಿಲ್ಲಿನ ಮೊತ್ತ. ಒಂದು ರೂಪಾಯಿಯೊಳಗಿನ ವ್ಯತ್ಯಾಸ ಬಿಟ್ಟುಬಿಡಿ. ಉಳಿದಂತೆ ತಾಳೆ ತಪ್ಪುವುದಕ್ಕೆ ಕಾರಣ ಸಾಮಾನ್ಯವಾಗಿ ನಾಲ್ಕರಲ್ಲೊಂದು. ಬಿಲ್ಲಿನಲ್ಲಿ ಬಾಡಿಗೆ ಬೇರೆ ಸೇರಿಸಿದ್ದು, ಅಳತೆಯ ಘಟಕ ಬೇರೆಯಾದದ್ದು, ದರ ಏರಿಸಿದ್ದು ಫೋನಿನಲ್ಲಿ ಮಾತ್ರ ಮಾತಾದದ್ದು, ತೆರಿಗೆಯ ದರ ಬದಲಾದದ್ದು. ಕೊನೆಯದಕ್ಕೆ 2025ರ ಸೆಪ್ಟೆಂಬರ್ 22 ಒಳ್ಳೆಯ ಉದಾಹರಣೆ. ಅಂದು ಜಿಎಸ್‌ಟಿಯ ಶೇ. 12ರ ಹಂತದ ಬಹುಪಾಲು ವಸ್ತುಗಳು ಶೇ. 5ಕ್ಕೋ 18ಕ್ಕೋ ಹೋದವು. ತೆರಿಗೆ ಸೇರಿಸಿ ದರ ಬರೆದಿದ್ದ ಆರ್ಡರುಗಳಲ್ಲಿ ಇಳಿದ ತೆರಿಗೆ ಯಾರ ಪಾಲಿಗೆ ಎಂಬ ವಾದಕ್ಕೆ ದಾರಿಯಾಗುತ್ತದೆ. ಆರ್ಡರಿನಲ್ಲಿ ದರವನ್ನು ತೆರಿಗೆ ಬಿಟ್ಟು ಬರೆದು, ‘ತೆರಿಗೆ ಬಿಲ್ಲಿನ ದಿನದ ದರದಂತೆ’ ಎಂದು ಸೇರಿಸಿದರೆ ಮುಗಿಯಿತು. ಐಟಂನ ತೆರಿಗೆ ದರಕ್ಕೆ ದಿನಾಂಕ ಕಟ್ಟಿರಬೇಕು, ಹಳೆಯದರ ಮೇಲೆಯೇ ಹೊಸದನ್ನು ಬರೆದರೆ ಹಳೆಯ ಬಿಲ್ಲುಗಳ ಲೆಕ್ಕವೂ ಕೆಡುತ್ತದೆ.

ಕೊರತೆ ಬಂದಾಗ ನಾವು ಡೆಬಿಟ್ ನೋಟ್ ಬರೆದರೆ ನಮ್ಮ ಪುಸ್ತಕ ಸರಿಯಾಗುತ್ತದೆ, ಅಷ್ಟೇ. ಜಿಎಸ್‌ಟಿಯ ಮಟ್ಟಿಗೆ ತೆರಿಗೆ ಇಳಿಯಬೇಕಾದರೆ ಸಪ್ಲಾಯರೇ ಕ್ರೆಡಿಟ್ ನೋಟ್ ಕೊಡಬೇಕು. ಇನ್ನೊಂದು ಅಂಶ ಬಹಳ ಜನರ ಗಮನಕ್ಕೆ ಬರುವುದಿಲ್ಲ: ಒಂದೇ ಬಿಲ್ಲಿನ ಮಾಲು ಎರಡು–ಮೂರು ಲೋಡಾಗಿ ಬಂದರೆ ಕೊನೆಯ ಲೋಡ್ ಬಂದ ಮೇಲೆಯೇ ಆ ಬಿಲ್ಲಿನ ಕ್ರೆಡಿಟ್ ತೆಗೆದುಕೊಳ್ಳಬಹುದು. ರಸೀದಿಗಳು ಲೋಡುವಾರು ಇದ್ದರೆ ಇದು ತಾನಾಗಿ ತಿಳಿಯುತ್ತದೆ.

ಕೃಷಿಕರಿಂದ ನೇರ ಕೊಳ್ಳುವ ಕಚ್ಚಾಮಾಲಿಗೆ ಈ ದಾರಿ ಬೇಡ. ಮಾರ್ಚ್‌ನಿಂದ ಮೇವರೆಗೆ ಗೇರುಬೀಜ ತರುವ ಪೆರ್ಲದ ಕೃಷಿಕರಿಗೆ ಆರ್ಡರ್ ಕಳಿಸುವುದು ಅರ್ಥವಿಲ್ಲದ ಕೆಲಸ. ಅಲ್ಲಿ ಶುರುವಾಗುವುದು ತೂಕದ ಚೀಟಿಯಿಂದ. ಚೀಟಿಯಲ್ಲಿ ತೂಕದ ಜೊತೆ ಕೆ.ಜಿ.ಗೆ ಎಷ್ಟು ಬೀಜ, ತೇವಾಂಶ, ಔಟ್‌ಟರ್ನ್ (ಬೀಜದಿಂದ ಸಿಗುವ ತಿರುಳಿನ ಪ್ರಮಾಣ) ಇವಕ್ಕೆ ಜಾಗ ಇರಲಿ. ಔಟ್‌ಟರ್ನಿನ ಲೆಕ್ಕ ವ್ಯವಸ್ಥೆಯೇ ಮಾಡಲಿ: ಒಂದು ಕೆ.ಜಿ. ಸ್ಯಾಂಪಲ್ ಒಡೆದು, ಒಳ್ಳೆಯ ತಿರುಳಿನ ಗ್ರಾಂಗೆ ಅರೆಬಲಿತ ಹಾಗೂ ಚುಕ್ಕೆಯ ತಿರುಳಿನ ಅರ್ಧ ಸೇರಿಸಿ 0.17637ರಿಂದ ಗುಣಿಸಿದರೆ 80 ಕೆ.ಜಿ. ಚೀಲಕ್ಕೆ ಎಷ್ಟು ಪೌಂಡ್ ಎಂದು ಬರುತ್ತದೆ. 275 ಗ್ರಾಂ ಒಳ್ಳೆಯದು, 20 ಗ್ರಾಂ ಚುಕ್ಕೆಯದ್ದಾದರೆ 285, ಅಂದರೆ 50.3 ಪೌಂಡ್. ದರವನ್ನು ಈ ಅಂಕಿಗೆ ಕಟ್ಟಿಹಾಕಿ ಚೀಟಿಯಲ್ಲೇ ಮುದ್ರಿಸಿ ಕೊಟ್ಟರೆ ಕೃಷಿಕರಿಗೂ ದರದ ಕಾರಣ ಗೊತ್ತಾಗುತ್ತದೆ, ಮುಖ ನೋಡಿ ದರ ಹೇಳಿದರೆಂಬ ಮಾತು ಬರುವುದಿಲ್ಲ. ಇದು ನ್ಯಾಯದ ವಿಷಯ, ಬರೀ ಲೆಕ್ಕದ್ದಲ್ಲ. ಸಿಪ್ಪೆ ತೆಗೆಯದ ಗೇರುಬೀಜವನ್ನು ಕೃಷಿಕರಿಂದ ಕೊಂಡಾಗ ಜಿಎಸ್‌ಟಿ ಕಟ್ಟುವ ಹೊಣೆ ಕೊಂಡ ನೋಂದಾಯಿತ ಘಟಕದ್ದು. ನೋಂದಣಿ ಇಲ್ಲದವರಿಂದ ಕೊಂಡರೆ ನಾವೇ ಬಿಲ್ಲು ಬರೆದುಕೊಳ್ಳಬೇಕು. 2024ರ ನವೆಂಬರ್ 1ರಿಂದ ಅದಕ್ಕೆ ಮಾಲು ಬಂದು 30 ದಿನದ ಗಡುವು ಇದೆ. ತೂಕದ ಚೀಟಿಯಿಂದಲೇ ಆ ಬಿಲ್ಲು ಹುಟ್ಟುವಂತೆ ಜೋಡಿಸಿ.

ಕ್ರೆಡಿಟ್, ಪಾವತಿ, ಮೋಸ

ಸಪ್ಲಾಯರ್ ತನ್ನ ಮಾರಾಟವನ್ನು ಮುಂದಿನ ತಿಂಗಳ 11ರೊಳಗೆ ತೋರಿಸಬೇಕು. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು ಬೇಕಾದರೆ ಮೊದಲ ಎರಡು ತಿಂಗಳ ಬಿಲ್ಲುಗಳನ್ನು 13ರೊಳಗೆ ಏರಿಸಬಹುದು. 14ಕ್ಕೆ ನಮ್ಮ 2ಬಿ ತಯಾರಾಗುತ್ತದೆ. ಮೂರು ತಿಂಗಳಿನವರು ಹಾಗೆ ಏರಿಸದಿದ್ದರೆ ಏಪ್ರಿಲಿನ ಬಿಲ್ಲು ಕಾಣುವುದು ಜುಲೈಯಲ್ಲಿ. ಹೀಗಾಗಿ 2ಬಿಯಲ್ಲಿ ಬಿಲ್ಲು ಇಲ್ಲವೆಂದ ಕೂಡಲೇ ಸಪ್ಲಾಯರ್ ಜೊತೆ ಜಗಳಕ್ಕೆ ಹೋಗುವ ಮೊದಲು ಅವರು ಯಾವ ವರ್ಗದವರೆಂದು ನೋಡಿ. 2024ರ ಅಕ್ಟೋಬರಿನಿಂದ ಜಿಎಸ್‌ಟಿ ಪೋರ್ಟಲಿನಲ್ಲಿ ಬಿಲ್ಲುಗಳನ್ನು ಒಪ್ಪುವ, ತಿರಸ್ಕರಿಸುವ, ಬಾಕಿ ಇಡುವ ಸೌಲಭ್ಯ ಬಂದಿದೆ. ಮಾಲು ಇನ್ನೂ ಬಾರದ ಬಿಲ್ಲನ್ನು ಬಾಕಿ ಇಡಲು ಅದು ಸರಿಯಾದ ಜಾಗ. ಆದರೆ ಯಾವುದು ಬಂದಿಲ್ಲವೆಂದು ಹೇಳಬಲ್ಲದ್ದು ಗೋದಾಮಿನ ರಸೀದಿ ಮಾತ್ರ.

ಪಾವತಿಯ ದಿನ ಎಣಿಸುವುದಕ್ಕೂ ಅದೇ ರಸೀದಿ ಬೇಕು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮದವರಿಗೆ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. 2023-24ರ ಹಣಕಾಸು ವರ್ಷದಿಂದ, ಹಾಗೆ ತಡಮಾಡಿದ ಮೊತ್ತವನ್ನು ಆದಾಯ ತೆರಿಗೆಯಲ್ಲಿ ಪಾವತಿಸಿದ ವರ್ಷದ ಖರ್ಚಾಗಿ ಮಾತ್ರ ತೋರಿಸಬಹುದು. ದಿನ ಎಣಿಸಲು ಶುರುವಾಗುವುದು ಮಾಲು ತಲುಪಿದ ದಿನದಿಂದ. ಗುಣಮಟ್ಟದ ಆಕ್ಷೇಪ ಇದ್ದರೆ 15 ದಿನದೊಳಗೆ ಬರವಣಿಗೆಯಲ್ಲಿ ಹೇಳಿರಬೇಕು. ರಸೀದಿಯಲ್ಲಿ ತಿರಸ್ಕಾರ ದಾಖಲಾದ ಕೂಡಲೇ ಸಪ್ಲಾಯರಿಗೆ ಮೇಲ್ ಹೋಗುವಂತೆ ಮಾಡುವುದು ಇದಕ್ಕಾಗಿ. ಬೇರೆಯವರಿಗೂ 180 ದಿನ ದಾಟುವಂತಿಲ್ಲ. ದಾಟಿದರೆ ತೆಗೆದುಕೊಂಡ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಕಟ್ಟಬೇಕಾಗುತ್ತದೆ.

ಬ್ಯಾಂಕ್ ಖಾತೆ ಬದಲಾಗಿದೆಯೆಂದು ಸಪ್ಲಾಯರ್ ಹೆಸರಿನಲ್ಲಿ ಮೇಲೋ ವಾಟ್ಸಾಪೋ ಬಂದರೆ ಅದನ್ನು ನಂಬಿ ಒಂದು ರೂಪಾಯಿಯೂ ಕಳಿಸಬೇಡಿ. ಆ ಸಂದೇಶದಲ್ಲಿರುವ ನಂಬರಿಗಲ್ಲ, ನಿಮ್ಮ ಪಟ್ಟಿಯಲ್ಲಿ ಮೊದಲಿನಿಂದ ಇರುವ ನಂಬರಿಗೆ ಫೋನು ಮಾಡಿ. ರದ್ದು ಮಾಡಿದ ಚೆಕ್ಕಿನ ಪ್ರತಿ ತರಿಸಿ, ಒಂದು ರೂಪಾಯಿ ಕಳಿಸಿ ಹೆಸರು ತಾಳೆ ನೋಡಿ. ಖಾತೆ ತಿದ್ದುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು. ಇಬ್ಬರೇ ಇರುವ ಆಫೀಸಿನಲ್ಲೂ ಇದು ಸಾಧ್ಯ. ದುಡ್ಡು ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಯಾವುದರಲ್ಲಿ, ಹೇಗೆ ಶುರುಮಾಡುವುದು

ಈಗ ಸಾಫ್ಟ್‌ವೇರಿನ ಮಾತು. ಟ್ಯಾಲಿಪ್ರೈಮ್ ಈಗಾಗಲೇ ಇದ್ದರೆ ಅದರಲ್ಲೇ ಪರ್ಚೇಸ್ ಆರ್ಡರ್, ರಿಸೀಟ್ ನೋಟ್, ರಿಜೆಕ್ಷನ್ ಔಟ್ ವೋಚರುಗಳಿವೆ. ಒಂದೇ ಗೋದಾಮು, ಖರೀದಿ ನೋಡುವವರು ಒಬ್ಬರೇ ಆದರೆ ಅದು ಸಾಕು. ಗೋದಾಮಿನಲ್ಲಿ ಫೋನಿನಿಂದ ರಸೀದಿ ಮಾಡಬೇಕು, ಅನುಮತಿಯ ಮೆಟ್ಟಿಲು ಬೇಕು ಎಂದಾದರೆ ಇಆರ್‌ಪಿನೆಕ್ಸ್ಟ್, ಓಡೂ, ಜೋಹೊ ತರಹದ್ದು ನೋಡಬಹುದು. ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶ. ಆರ್ಡರ್ ಇಲ್ಲದೆ, ರಸೀದಿ ಇಲ್ಲದೆ ಬಿಲ್ಲು ಹಾಕಲಾಗದಂತೆ ಮಾಡುವ ಆಯ್ಕೆಗಳು, ಹೆಚ್ಚುವರಿ ಮಾಲಿಗೆ ಶೇಕಡಾವಾರು ಮಿತಿ ಅದರಲ್ಲಿವೆ. ಯಾವುದೇ ಇರಲಿ, ಕೊಳ್ಳುವ ಮೊದಲು ನಿಮ್ಮದೇ ಒಂದು ಶ್ರಿಂಕ್ ಫಿಲ್ಮಿನ ಬಿಲ್ಲು, ಅರ್ಧ ತಿರಸ್ಕರಿಸಿದ ಒಂದು ಲೋಡು, ಒಂದು ಮಂಗಳೂರಿನ ಐಜಿಎಸ್‌ಟಿ ಬಿಲ್ಲು ಕೊಟ್ಟು ಮಾಡಿ ತೋರಿಸಲು ಹೇಳಿ. ನಿಮ್ಮ ದತ್ತಾಂಶವನ್ನು ಎಕ್ಸೆಲ್ಲಿಗೆ ಪೂರ್ತಿಯಾಗಿ ಹೊರತೆಗೆಯಲು ಬರುತ್ತದೋ ಎಂದೂ ಕೇಳಿ.

ಮಳೆಗಾಲದಲ್ಲಿ ಕರೆಂಟು ಹೋಗಿ ನೆಟ್ಟೂ ಹೋಗುವ ದಿನಗಳಿಗೆ ಗೋದಾಮಿನಲ್ಲಿ ಕ್ರಮಸಂಖ್ಯೆ ಮುದ್ರಿಸಿದ ರಸೀದಿ ಪುಸ್ತಕ ಇಟ್ಟಿರಿ. ಪರದೆಯಲ್ಲಿರುವ ಕಾಲಂಗಳೇ ಅದರಲ್ಲೂ ಇರಲಿ. ನೆಟ್ಟು ಬಂದ ಮೇಲೆ ಪುಸ್ತಕದ ಸಂಖ್ಯೆ ಸಮೇತ ಏರಿಸಿ. ರೂಟರಿಗೊಂದು ಚಿಕ್ಕ ಯುಪಿಎಸ್ ಹಾಕಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಎಲ್ಲವನ್ನೂ ಒಮ್ಮೆಗೇ ತರಬೇಡಿ. ಪ್ಯಾಕಿಂಗ್ ಸಾಮಾನಿನಿಂದ ಶುರುಮಾಡಿ: ಐಟಂ ಕಡಿಮೆ, ಮೊತ್ತ ದೊಡ್ಡದು, ಎಣಿಸಲು ಸುಲಭ. ಸ್ಟಾಕ್ ಕಡಿಮೆ ಇರುವ ತಿಂಗಳ ಮೊದಲ ದಿನ ಹಿಡಿಯಿರಿ, ಹಿಂದಿನ ಸಂಜೆ ಎಣಿಸಿ ಆರಂಭದ ಅಂಕಿ ಹಾಕಿ. ಮಾರ್ಚ್ 31 ಬೇಡ, ಅಕೌಂಟ್ಸಿನವರಿಗೆ ಆಗ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಒಂದು ತಿಂಗಳು ಹಳೆಯ ಪುಸ್ತಕವೂ ನಡೆಯಲಿ, ಎರಡರ ಅಂಕಿ ತಾಳೆಯಾದ ಮೇಲೆ ಪುಸ್ತಕವನ್ನು ನಿಜವಾಗಿಯೂ ಮುಚ್ಚಿ. ಎರಡೂ ಮುಂದುವರಿದರೆ ಜನ ಕೈಗೆ ಒಗ್ಗಿದ್ದನ್ನೇ ಹಿಡಿಯುತ್ತಾರೆ.

ವ್ಯವಸ್ಥೆ ನಿಜವಾಗಿ ನಡೆಯುತ್ತಿದೆಯೋ ಇಲ್ಲವೋ ತಿಳಿಯಲು ವಾರಕ್ಕೊಂದು ವರದಿ ಸಾಕು: ಬಿಲ್ಲಿನ ದಿನಾಂಕದ ನಂತರ ಹುಟ್ಟಿದ ಆರ್ಡರುಗಳ ಪಟ್ಟಿ. ಮಾಲು ಬಂದ ಮೇಲೆ ದಾಖಲೆಗಾಗಿ ಆರ್ಡರ್ ಬರೆಯುವುದು ಎಲ್ಲ ಘಟಕಗಳಲ್ಲೂ ಮೊದಮೊದಲು ಆಗುತ್ತದೆ. ಅಂಥ ಪ್ರತಿ ಸಾಲಿನ ಮುಂದೆ ಯಾರು, ಏಕೆ ಎಂದು ಕೇಳಿ. ಬೈದರೆ ಮುಚ್ಚಿಡುತ್ತಾರೆ, ಕೇಳಿದರೆ ಕಾರಣ ಹೊರಬರುತ್ತದೆ. ಹೆಚ್ಚಾಗಿ ಸ್ಟಾಕ್ ಮುಗಿದದ್ದು ತಡವಾಗಿ ಗೊತ್ತಾಗಿರುತ್ತದೆ, ಅಂದರೆ ಆ ಐಟಂಗೆ ಮರುಆರ್ಡರಿನ ಮಟ್ಟ ಹಾಕಿಲ್ಲ. ದಿನದ ಬಳಕೆಯನ್ನು ಮಾಲು ಬರಲು ಹಿಡಿಯುವ ದಿನಗಳಿಂದ ಗುಣಿಸಿ, ಮಳೆಗಾಲಕ್ಕೆ ನಾಲ್ಕು ದಿನ ಹೆಚ್ಚು ಸೇರಿಸಿ ಹಾಕಿ. ತಿಂಗಳ ಕೊನೆಗೆ ತೆರೆದೇ ಉಳಿದ ಆರ್ಡರುಗಳನ್ನೂ ನೋಡಿ. 500ರಲ್ಲಿ 490 ಬಂದು ನಿಂತದ್ದನ್ನು ಮುಚ್ಚದಿದ್ದರೆ ಬರಬೇಕಾದ ಮಾಲೆಂದು ಆ 10 ಪೆಟ್ಟಿಗೆ ಲೆಕ್ಕದಲ್ಲಿ ಉಳಿದುಕೊಳ್ಳುತ್ತದೆ, ಮುಂದಿನ ಆರ್ಡರಿನ ಪ್ರಮಾಣ ಅಷ್ಟು ಕಡಿಮೆ ಬರುತ್ತದೆ.